ಗೊರಸಿನ ಗುರುತು, ಹೊಳೆಯ ಗುರುತು

ಶಿಷ್ಯ ಕೇಳಿದ: "ಗುರುಗಳೇ, ಈ ಬೆಟ್ಟ, ಈ ಕಣಿವೆ ಹುಟ್ಟಿದಾಗ ಒಂದು ನರಪಿಳ್ಳೆಯೂ ಇರಲಿಲ್ಲ. ಇಲ್ಲಿ ಹೀಗಾಯಿತು, ಅಲ್ಲಿ ಹಾಗಾಯಿತು ಅನ್ನುವವರನ್ನು ನಂಬುವುದು ಹೇಗೆ? ನೋಡಿದವರು ಯಾರು?"

ಖಾಲಿ ಬೆಲ್ಲದ ಗಡಿಗೆಯೊಳಗೆ ಇಣುಕುತ್ತಿದ್ದ ಗುರುಗಳಿಗೆ ಮೊದಲೇ ಸಿಟ್ಟಿತ್ತು. ಗಡಿಗೆ ಕೆಳಗಿಟ್ಟು ಹೇಳಿದರು:

ಒಂದೂರಿನಲ್ಲಿ ಒಬ್ಬ ಗೌಡನಿದ್ದ, ಆಡು ಕಾಯುವವನೊಬ್ಬನಿದ್ದ. ಒಂದು ಬೆಳಿಗ್ಗೆ ಗೌಡನ ಅವರೆ ಹೊಲವನ್ನು ಯಾವುದೋ ಆಡು ಮೇಯ್ದುಹೋಗಿತ್ತು. ಗೌಡ ಬಂದವನೇ ಆಡಿನವನ ಹಿಂಡಿನಿಂದ ಒಂದನ್ನು ಎಳೆದು ದೊಡ್ಡಿಯಲ್ಲಿ ಕೂಡಿಹಾಕಿದ.

"ನನ್ನ ಆಡೇ ಮೇಯ್ದದ್ದನ್ನು ಯಾರು ಕಂಡರು ಗೌಡರೇ?"

"ಕಾಣಬೇಕೇನಲೇ? ಹಸಿ ಮಣ್ಣಿನಲ್ಲಿ ಮುರಿದ ಗೊರಸು ಮೂಡಿದೆ. ಎಡಗಾಲಿನ ಗೊರಸು ಮುರಿದ ಆಡು ಊರಿಗೆಲ್ಲ ನಿನ್ನದೊಂದೇ."

ಮಾತು ಸರಿಯಾಗಿತ್ತು. ಆಡಿನವನು ದಂಡ ತೆತ್ತು ಆಡು ಬಿಡಿಸಿಕೊಂಡ.

ಅದೇ ತಿಂಗಳು, ಆಡಿನ ವಾಸನೆ ತಡೆಯಲಾರೆ ಎಂದು ಗೌಡ ಆಡಿನವರ ಗುಡಿಸಲುಗಳನ್ನೆಲ್ಲ ಊರಾಚೆಯ ಒಣ ತಗ್ಗಿಗೆ ಎತ್ತಿಸಿದ. ಅಲ್ಲಿ ಕಂಬಕ್ಕೆ ಗುಂಡಿ ತೋಡಿದರೆ ಮಣ್ಣಿನಡಿ ಮರಳು, ಮರಳಿನಡಿ ಮೊಟ್ಟೆಯಂಥ ನುಣುಪು ಕಲ್ಲು. ಆಡಿನವನು ಒಂದು ಕಲ್ಲು ಹಿಡಿದು ಗೌಡನ ಜಗಲಿಗೆ ಓಡಿದ.

"ಆ ತಗ್ಗು ಹೊಳೆ ಹರಿದ ಜಾಗ. ಅಲ್ಲಿ ನಮ್ಮ ಮಕ್ಕಳನ್ನು ಮಲಗಿಸಲಾರೆವು."

ಗೌಡ ನಕ್ಕ. "ಹೊಳೆ ಇರುವುದು ಅರ್ಧ ಹರದಾರಿ ಆಚೆ. ತಗ್ಗಿನಲ್ಲಿ ಹರಿದದ್ದನ್ನು ನೀನು ನೋಡಿದೆಯಾ? ನಿನ್ನ ಮುತ್ತಜ್ಜ ನೋಡಿದನಾ?"

ಆಡಿನವನಿಗೆ ರೇಗಿತು. "ಇವತ್ತೂ ಆ ಹೊಳೆ ಕಲ್ಲನ್ನು ಉರುಳಿಸಿ ಉರುಳಿಸಿ ಹೀಗೇ ದುಂಡಗೆ ಮಾಡುತ್ತಿದೆ, ಮೇಲೆ ಹೀಗೇ ಮರಳು ಹಾಸುತ್ತಿದೆ. ಹೋಗಿ ನೋಡಿ! ನನ್ನ ಆಡಿನ ಗೊರಸು ಸಾಕ್ಷಿ ಹೇಳಬಹುದು, ಹೊಳೆಯ ಗೊರಸು ಹೇಳಬಾರದೋ? ನಿಮ್ಮ ಅವರೆಕಾಯಿಗಿರುವ ನ್ಯಾಯ ನಮ್ಮ ಮಕ್ಕಳಿಗಿಲ್ಲವೋ?"

ಗೌಡ ಅವನನ್ನು ಜಗಲಿಯಿಂದ ಇಳಿಸಿದ. ಆಡಿನವನು ಬೈಸಿಕೊಂಡೇ ತನ್ನವರನ್ನೆಲ್ಲ ಪಕ್ಕದ ದಿಬ್ಬಕ್ಕೆ ಹತ್ತಿಸಿದ. ಗೌಡನಿಗೆ ಹಟ ಬಂತು. "ಹೊಳೆಯಂತೆ ಹೊಳೆ!" ಎಂದು ಆ ತಗ್ಗಿನಲ್ಲಿ ತಾನೇ ಹೊಸ ಮನೆ ಕಟ್ಟಿ ಕುಳಿತ.

ಮೂರನೆಯ ಮಳೆಗಾಲಕ್ಕೆ ಹೊಳೆ ತನ್ನ ಹಳೆಯ ದಾರಿ ಹಿಡಿದು ಬಂತು. ಗೌಡ ಪಂಚೆ ಎತ್ತಿಕೊಂಡು ದಿಬ್ಬ ಹತ್ತಿದ. ಮುರಿದ ಗೊರಸಿನ ಆಡಿನ ಪಕ್ಕದಲ್ಲೇ ಮೂರು ದಿನ ಕುಳಿತಿದ್ದ. ನೀರು ಇಳಿದಾಗ ಮನೆಯಿದ್ದಲ್ಲಿ ಬರೀ ಮರಳು, ಮರಳಿನಡಿ ದುಂಡು ಕಲ್ಲು.

ಕತೆ ಮುಗಿಯಿತು. ಶಿಷ್ಯ ಮಾತ್ರ, "ಆದರೂ ಗುರುಗಳೇ, ಕಣ್ಣಾರೆ ನೋಡಿದವರು..." ಎಂದು ರಾಗ ಎಳೆದ.

ಗುರುಗಳು ಗಡಿಗೆಯನ್ನು ಅವನ ಮುಂದೆ ಬೋರಲು ಹಾಕಿದರು. "ಈ ಬೆಲ್ಲ ತಿಂದವರನ್ನು ನಾನೂ ಕಣ್ಣಾರೆ ನೋಡಿಲ್ಲಪ್ಪ, ನಿನ್ನ ಗಡ್ಡ ಹತ್ತುತ್ತಿರುವ ಇರುವೆ ಸಾಲನ್ನು ಮಾತ್ರ ನೋಡುತ್ತಿದ್ದೇನೆ."