ಡಿಸ್ಚಾರ್ಜ್ ಚೀಟಿ

“ಗಾಡಿಗೆ ಬೀಗ ಹಾಕಿದ್ರೇನ್ರೀ?” ಹೊನ್ನಮ್ಮ ಗಂಡನ ಹತ್ತಿರ ಆಡಿದ ಕೊನೆಯ ಮಾತು ಅದು. ಆ ಸಂಜೆ ಆಸ್ಪತ್ರೆಯಲ್ಲೇ ತೀರಿಕೊಂಡಳು. ಸೊಪ್ಪು ಮಾರುವ ಗಂಡ ಮುದ್ದುರಂಗಯ್ಯ ಹೆಣದ ಜೊತೆ ಆಂಬುಲೆನ್ಸ್ ಹತ್ತಿ ಊರಿಗೆ ಹೋದ. ಅವನ ಸ್ಕೂಟರ್ ಆಸ್ಪತ್ರೆಯ ಅಂಗಳದಲ್ಲೇ ಉಳಿಯಿತು.

ತಿಥಿ ಮುಗಿಯುವಷ್ಟರಲ್ಲಿ ನೋಟೀಸು ಬಂತು. ಆರ್‌ಸಿಯಲ್ಲಿ ಹೆಸರಿರುವ ಮಾಲೀಕ ಪಾರ್ಕಿಂಗ್ ದಂಡ ಕಟ್ಟಬೇಕು, ಇಲ್ಲದಿದ್ದರೆ ಗಾಡಿ ಹರಾಜು. ಗಾಡಿ ಹೋದರೆ ವ್ಯಾಪಾರವೂ ಹೋದಂತೆ. ಕಾಗದ ಹಿಡಿದು ಅವನು ಆಸ್ಪತ್ರೆಗೆ ಬಂದ.

ಪಾರ್ಕಿಂಗ್ ಗುತ್ತಿಗೆದಾರ ವಿರೂಪಣ್ಣ ಚಕ್ರಕ್ಕೆ ಸರಪಳಿ ಬಿಗಿದು ಕೂತಿದ್ದ. “ಏನಯ್ಯಾ, ಇದೇನು ನಿಮ್ಮಪ್ಪನ ಕೊಟ್ಟಿಗೆಯಾ?”

ಮುದ್ದುರಂಗಯ್ಯ ಗೋಡೆಯ ಬೋರ್ಡನ್ನು ಅಕ್ಷರ ಕೂಡಿಸಿ ಓದಿದ. “ರೋಗಿ ಡಿಸ್ಚಾರ್ಜ್ ಆಗೋ ತನಕ ಮನೆಯವರ ಗಾಡಿಗೆ ದುಡ್ಡಿಲ್ಲ ಅಂತ ಬರೆಸಿದೀರಲ್ಲ, ಸ್ವಾಮಿ?”

“ಬರೆಸಿದೀನಿ. ಅದಕ್ಕೇನೀಗ?”

“ನಮ್ಮವಳ ಡಿಸ್ಚಾರ್ಜ್ ಚೀಟಿ ಕೊಡ್ಸಿ, ಕಟ್ತೀನಿ.”

ವಿರೂಪಣ್ಣ ಅವನನ್ನು ಕೌಂಟರಿಗೆ ಎಳೆದೊಯ್ದ. ಅಲ್ಲಿದ್ದ ಹುಡುಗಿ ಫೈಲು ತಿರುವಿ, “ಸತ್ತವರಿಗೆ ಡಿಸ್ಚಾರ್ಜ್ ಚೀಟಿ ಬರೆಯಲ್ಲ, ಸಾರ್” ಅಂದಳು.

ವಿರೂಪಣ್ಣ ರೇಗಿದ. “ಹಾಗಾದ್ರೆ ನಿನ್ನ ಹೆಂಡ್ತಿ ಇನ್ನೂ ಒಳಗೇ ಇದಾಳೆ ಅಂತೀಯಾ?”

“ನಾನೆಲ್ಲಂದೆ? ನಿಮ್ಮ ಫೈಲು ಅಂತಿದೆ. ಇದ್ರೆ ಕರೀರಿ ಸ್ವಾಮಿ, ಹಿಂದೆ ಕೂರಿಸ್ಕೊಂಡು ಈಗ್ಲೇ ಹೊರಡ್ತೀನಿ.”

ವಿರೂಪಣ್ಣ ಅಂಗಳಕ್ಕೆ ವಾಪಸ್ ನಡೆದ. ತಾನೇ ಬಗ್ಗಿ ಸರಪಳಿ ಬಿಚ್ಚಿದ.

ಮರುದಿನ ಬೆಳಿಗ್ಗೆ ಮುದ್ದುರಂಗಯ್ಯ ಸೊಪ್ಪಿನ ಕಟ್ಟುಗಳನ್ನು ಹಿಂದಿನ ಸೀಟಿಗೆ ಬಿಗಿದು ಬೀದಿಗಿಳಿದ. ಇಷ್ಟು ವರ್ಷ ಹೊನ್ನಮ್ಮ ಕೂಗುತ್ತಿದ್ದ “ಸೊಪ್ಪಮ್ಮೋ ಸೊಪ್ಪು” ಅನ್ನು ಅವತ್ತು ಅವನೇ ಕೂಗಿದ.