ಚೌಡಪ್ಪ ಎಳೆಯದ ಗೆರೆ

ತುಂಗಭದ್ರೆಯ ದಡದಲ್ಲಿ ಒಂದು ಹಳೇ ಆಶ್ರಮ. ಅದರ ಪ್ರಾರ್ಥನೆಯ ಕೋಣೆಯ ಗೋಡೆಗಳ ಗಾರೆ ಉದುರತೊಡಗಿತ್ತು. ರಿಪೇರಿಗೆ ತಿಪ್ಪಣ್ಣ ಮೇಸ್ತ್ರಿ ಬಂದರು.

ಅವರದು ಸಣ್ಣ ಕಂಪನಿ. ಇದ್ದದ್ದು ಮೂರೇ ಜನ: ಮೇಸ್ತ್ರಿ, ಹದಿನಾಲ್ಕು ವರ್ಷದಿಂದ ಅವರ ಶಿಷ್ಯನಾಗಿದ್ದ ಚೌಡಪ್ಪ, ಎರಡು ವರ್ಷದ ಹಿಂದೆ ಸೇರಿದ ಓಬಳೇಶ.

ಕೆಲಸಕ್ಕೊಂದು ಕ್ರಮವಿತ್ತು. ಒಬ್ಬ ಸುತ್ತಿಗೆಯ ಮರದ ಹಿಡಿಯಿಂದ ಗೋಡೆಯನ್ನು ಬಡಿದು ಕೇಳುತ್ತಾ ಹೋಗಬೇಕು. ಟೊಳ್ಳು ಸದ್ದು ಬಂದರೆ ಅಲ್ಲಿ ಹಳೇ ಗಾರೆ ಸಡಿಲಾಗಿದೆ ಎಂದರ್ಥ. ಅದರ ಸುತ್ತ ಇದ್ದಿಲಿನಿಂದ ಗೆರೆ ಎಳೆಯಬೇಕು. ಗೆರೆಯ ಒಳಗಿನದನ್ನು ಕೆತ್ತಿ ಹೊಸದು ತುಂಬುತ್ತಾರೆ. ಗೆರೆ ಇಲ್ಲದ ಕಡೆ ಹಳೆಯದರ ಮೇಲೆಯೇ ತೆಳ್ಳಗೆ ಬಳಿಯುತ್ತಾರೆ.

ಗಾರೆ ಬಳಿಯುವ ಕರಣೆ ಹಿಡಿದವನು ಮತ್ತೆ ಬಡಿದು ನೋಡುವಂತಿಲ್ಲ. ಅದು ಬಡಿದವನಿಗೆ ಅವಮಾನ.

"ಚೌಡ, ನೀನು ಬಡಿ. ಕರಣೆ ಓಬಳ ಹಿಡೀಲಿ," ಅಂದರು ಮೇಸ್ತ್ರಿ.

ಮೇಸ್ತ್ರಿಗೆ ವಯಸ್ಸಾಗಿತ್ತು. ಕರಣೆ ಯಾರ ಕೈ ಸೇರುತ್ತದೋ ನಾಳೆ ಮೇಸ್ತ್ರಿ ಅವನೇ ಎಂದು ಚೌಡಪ್ಪ ಎಂದೋ ತೀರ್ಮಾನಿಸಿದ್ದ.

"ನಂಗೆ ಯಾವಾಗ ಕೊಡ್ತೀರಿ ಕರಣೆ?"

"ನಿನ್ನಂಥ ಕಿವಿ ಅವನಿಗಿಲ್ಲ."

"ಅವನಂಥ ಕೈ ನಂಗಿಲ್ಲ ಅಂತೀರಾ?"

ಮೇಸ್ತ್ರಿ ಬೀಡಿ ಹಚ್ಚಿದರು.

ಮೂಡಣ ಗೋಡೆ. ಕಿಟಕಿಯ ಮೇಲೆ, ಮೊರದಗಲ, ಟೊಳ್ಳು. ಚೌಡಪ್ಪನಿಗೆ ಕೇಳಿಸಿತು. ಇನ್ನೊಮ್ಮೆ ಬಡಿದ. ಮತ್ತೆ ಕೇಳಿಸಿತು.

ಇದ್ದಿಲನ್ನು ಜೇಬಿಗೆ ಹಾಕಿಕೊಂಡು ಏಣಿ ಇಳಿದ.

ಎರಡು ದಿನ ಓಬಳೇಶ ಆ ಗೋಡೆಗೆ ಗಾರೆ ಬಳಿದ.

"ಏನೋ ಓಬಳೇಶ, ರೊಟ್ಟಿಗೆ ಬೆಣ್ಣೆ ಸವರ್ತಿದ್ದೀಯೋ?" ಅಂದ ಚೌಡಪ್ಪ.

ಓಬಳೇಶ ನಕ್ಕ. "ನೀವು ಬಡಿದ ಗೋಡೆ ಚೌಡಣ್ಣ. ಕಣ್ಮುಚ್ಕೊಂಡು ಸವರಬಹುದು."

ಆಶ್ರಮದ ಸ್ವಾಮಿಗಳು ಬಂದರು. ಗೋಡೆಯ ಮೇಲೆ ಅಂಗೈ ಆಡಿಸಿದರು. "ಯಾರ ಕೈಕೆಲಸ ಇದು?"

ಮೇಸ್ತ್ರಿ ಓಬಳೇಶನನ್ನು ತೋರಿಸಿದರು. ಅವರ ಮುಖದಲ್ಲಿ ನಗು ಇತ್ತು. ಹದಿನಾಲ್ಕು ವರ್ಷದಲ್ಲಿ ಚೌಡಪ್ಪನಿಗೆ ಆ ನಗು ಸಿಕ್ಕಿರಲಿಲ್ಲ.

ಅವನು ಕಿಟಕಿಯ ಮೇಲಕ್ಕೆ ನೋಡಿದ. ಇದು ಬೀಳೋಕೆ ಒಂದು ಮಳೆಗಾಲ ಸಾಕು ಅಂದುಕೊಂಡ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಕರಣೆಯನ್ನು ಚೌಡಪ್ಪನ ಕೈಗಿಟ್ಟರು.

"ಬಡಗಣ ಗೋಡೆ ನಿಂದು. ಓಬಳ ಬಡೀತಾನೆ."

ಓಬಳೇಶ ಬಡಿದ. ಮೂರು ಕಡೆ ಗೆರೆ ಎಳೆದ. ಕೆತ್ತಿದ. "ಮುಗೀತು ಚೌಡಣ್ಣ, ಹಚ್ಚಿ," ಎಂದು ಹೊಳೆಗೆ ಕೈಕಾಲು ತೊಳೆಯಲು ಹೋದ.

ಚೌಡಪ್ಪ ಕರಣೆ ಎತ್ತಿದ. ಕೈ ಮುಂದೆ ಹೋಗಲಿಲ್ಲ.

ಇವನೂ ಒಂದು ಗೆರೆ ಬಿಟ್ಟಿದ್ದರೆ?

ಕರಣೆಯ ಹಿಡಿಯಿಂದ ಒಂದು ಕಡೆ ಬಡಿದ. ಗಟ್ಟಿ. ಪಕ್ಕದಲ್ಲಿ ಬಡಿದ. ಗಟ್ಟಿ. ಏಣಿ ಹತ್ತಿದ. ನೆಲದಿಂದ ಸೂರಿನವರೆಗೆ ಬಡಿದ. ನಂಬಿಕೆ ಬರದೆ ಮತ್ತೆ ಮೊದಲಿನಿಂದ ಬಡಿದ. ಕಲಸಿದ ಗಾರೆ ಬಾಂಡ್ಲಿಯಲ್ಲೇ ಬಿಗಿಯಿತು.

ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದರು.

"ಏನು ಹುಡುಕ್ತಿದ್ದೀಯ?"

"ಟೊಳ್ಳು."

"ಸಿಕ್ತಾ?"

"ಇಲ್ಲ."

"ಓಬಳನ ಕಿವಿ ಅಷ್ಟು ಕೆಟ್ಟದ್ದಾ?"

"ಅಲ್ಲ ಮೇಸ್ತ್ರಿ."

"ಮತ್ತೆ?"

ಚೌಡಪ್ಪ ಏಣಿಯಿಂದ ಇಳಿದ. ಏಣಿಯನ್ನು ಮೂಡಣ ಗೋಡೆಗೆ ಒಯ್ದ. ಸುತ್ತಿಗೆ, ಉಳಿ ತಗೊಂಡು ಹತ್ತಿ, ಕಿಟಕಿಯ ಮೇಲೆ ಒಂದು ಪೆಟ್ಟು ಕೊಟ್ಟ.

ಹಳೆಯದು ಹೊಸದು ಒಟ್ಟಿಗೇ ಕಳಚಿ ಬಿತ್ತು.

ಓಬಳೇಶ ಓಡಿಬಂದ. ಮುಖದಲ್ಲಿ ನೀರು ಇನ್ನೂ ಇಳಿಯುತ್ತಿತ್ತು. "ಅಯ್ಯೋ, ಎರಡು ದಿನದ ಕೆಲಸ ಚೌಡಣ್ಣ! ನನ್ನ ಕಡೆಯಿಂದ ಏನು ತಪ್ಪಾಯ್ತು?"

"ನಿನ್ನದಲ್ಲ ಕಣೋ. ನಂಗೆ ಕೇಳಿಸಿತ್ತು. ಬೇಕಂತಲೇ ಗೆರೆ ಎಳೀಲಿಲ್ಲ."

ಓಬಳೇಶ ಬಿದ್ದ ಗಾರೆಯನ್ನು ನೋಡಿದ. ಬಾಗಿ ಚೂರುಗಳನ್ನು ಒಂದು ಕಡೆ ಗುಡ್ಡೆ ಹಾಕತೊಡಗಿದ.

ಬೈದಿದ್ದರೆ ಹಗುರಾಗುತ್ತಿತ್ತು ಅನ್ನಿಸಿತು ಚೌಡಪ್ಪನಿಗೆ. ಅವನು ಮೇಸ್ತ್ರಿಯ ಕಡೆ ತಿರುಗಿದ.

"ಇನ್ನು ನನಗೇನು ಕೆಲಸ ಕೊಡ್ತೀರಿ?"

"ಎರಡು ಗೋಡೆ ಬಾಕಿ ಇದೆ. ನೀನೇ ಬಡಿ. ಓಬಳ ಬಳೀತಾನೆ."

"ಅವನು ನನ್ನ ಗೆರೆ ನಂಬ್ತಾನಾ ಮೇಸ್ತ್ರಿ?"

"ನೀನು ಬಡಿದ ಮೇಲೆ ಅವನೂ ಬಡಿದು ನೋಡಿದರೆ, ಪಕ್ಕದಲ್ಲಿ ನಿಂತು ಏಣಿ ಹಿಡ್ಕೋ."