ಪದ್ದಕ್ಕನ ಪೆಟ್ಟಿಗೆ ಬಿಡು!

ಬನ್ನಿ, ಹತ್ತಿರ ಕೂತುಕೊಳ್ಳಿ. ಪದ್ದಕ್ಕನಿಗೆ ಸಿಟ್ಟು ಬಂದ ಕತೆ ಹೇಳುತ್ತೇನೆ.

ಕಡಲ ಬದಿಯಲ್ಲಿ ಒಂದು ಊರು. ಊರಿಗೆ ಒಂದು ಬಂದರು. ಬಂದರಿನ ಹಿಂದೆ ಒಂದು ಗುಡ್ಡ. ಗುಡ್ಡದ ತುದಿಯಲ್ಲಿ ಒಂದು ಪುಟ್ಟ ಶಾಲೆ.

ಪದ್ದಕ್ಕ ಬನ್ಸ್ ಮಾಡುತ್ತಿದ್ದಳು. ಬಾಳೆಹಣ್ಣು ಕಿವುಚುವಳು. ಹಿಟ್ಟು ಕಲಸುವಳು. ಎಣ್ಣೆಗೆ ಬಿಟ್ಟರೆ ಚೊಂಯ್! ಬನ್ಸ್ ಉಬ್ಬುತ್ತಿತ್ತು. ಬಿಸಿ ಬಿಸಿ ಬನ್ಸ್ ಬುಟ್ಟಿಗೆ. ಬುಟ್ಟಿ ಸೈಕಲ್ಲಿಗೆ. ಸೈಕಲ್ ಗುಡ್ಡಕ್ಕೆ. ಬನ್ಸ್ ಶಾಲೆಯ ಮಕ್ಕಳ ಹೊಟ್ಟೆಗೆ!

ಒಂದು ದಿನ ಪದ್ದಕ್ಕನ ಮೊಣಕಾಲು ಕಟಕ್ ಎಂದಿತು. ಪೆಡಲು ತುಳಿಯಲು ಆಗಲೇ ಇಲ್ಲ. ಬನ್ಸ್ ಕೆಳಗೇ ಉಳಿಯಿತು. ಮಕ್ಕಳು ಮೇಲೇ ಉಳಿದರು.

ಪದ್ದಕ್ಕ ಮೊಬೈಲಿನಲ್ಲಿ ಹುಡುಕಿದಳು. ದೂರದ ದೇಶದಲ್ಲಿ ಒಂದು ಚಕ್ರ ಸಿಗುತ್ತಿತ್ತು. ಕರೆಂಟಿನ ಚಕ್ರ! ಹಳೆಯ ಸೈಕಲ್ಲಿಗೇ ಹಾಕಬಹುದು. ಬ್ಯಾಟರಿ ಕಟ್ಟಬಹುದು. ಗುಂಡಿ ಒತ್ತಿದರೆ ಜುಂಯ್! ಕೂತಲ್ಲೇ ಗುಡ್ಡ ಹತ್ತಬಹುದು.

ಪದ್ದಕ್ಕ ಚಕ್ರದ ಬೆಲೆ ಕೊಟ್ಟಳು. ಹಡಗಿನ ಬಾಡಿಗೆಯನ್ನೂ ಕೊಟ್ಟಳು.

ಹಡಗು ಬಂತು. ಹಡಗಿನಲ್ಲಿ ಪೆಟ್ಟಿಗೆ ಬಂತು. ಪದ್ದಕ್ಕನ ಮನೆಗೆ ಮಾತ್ರ ಬರಲಿಲ್ಲ. ಮರುದಿನವೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

"ಅರೆ! ನನ್ನ ಪೆಟ್ಟಿಗೆ ಎಲ್ಲಿ ಹೋಯಿತು?"

ಪದ್ದಕ್ಕನಿಗೆ ಸಿಟ್ಟು ಬಂತು. ಎಷ್ಟು ಸಿಟ್ಟು? ಸಾಸಿವೆಯಷ್ಟು ಸಿಟ್ಟು. ಚಟ್!

ಕುಂಟುತ್ತ ಕುಂಟುತ್ತ ಬಂದರಿನ ಗೋದಾಮಿಗೆ ಹೋದಳು. ಬಾಗಿಲಲ್ಲಿ ಕಾವಲುಗಾರ ಐತಪ್ಪ ಕೂತಿದ್ದ.

"ಐತಪ್ಪ, ಐತಪ್ಪ, ನನ್ನ ಪೆಟ್ಟಿಗೆ ಬಿಡು."

"ನಾನು ಬಿಡುದಿಲ್ಲ," ಎಂದ ಐತಪ್ಪ. "ನಿಮ್ಮ ಪೆಟ್ಟಿಗೆ ಒಳಗೇ ಉಂಟು ಪದ್ದಕ್ಕ. ಆದರೆ ಅದಕ್ಕೆ ಠಸ್ಸೆ ಬಿದ್ದಿಲ್ಲ. ಸುಂಕದ ಸಾಹೇಬರು ಠಸ್ಸೆ ಒತ್ತಲಿ. ಮತ್ತೆ ಬಿಡುತ್ತೇನೆ."

ಸುಂಕ ಅಂದರೆ ಗೊತ್ತಾ ಮಕ್ಕಳೇ? ಹೊರದೇಶದ ಸಾಮಾನು ನಮ್ಮ ದೇಶದ ಒಳಗೆ ಬರಬೇಕಾದರೆ ಸರಕಾರಕ್ಕೆ ದುಡ್ಡು ಕೊಡಬೇಕು. ಅದೇ ಸುಂಕ.

ಪದ್ದಕ್ಕನಿಗೆ ಸಿಟ್ಟು ಬಂತು. ಎಷ್ಟು ಸಿಟ್ಟು? ಒಣಮೆಣಸಿನಷ್ಟು ಸಿಟ್ಟು. ಆಕ್ಷೀ!

ಕುಂಟುತ್ತ ಕುಂಟುತ್ತ ಸುಂಕದ ಸಾಹೇಬರ ಹತ್ತಿರ ಹೋದಳು. ಸಾಹೇಬರು ಫ್ಯಾನಿನ ಕೆಳಗೆ ಕೂತಿದ್ದರು.

"ಸಾಹೇಬರೇ, ಸಾಹೇಬರೇ, ಠಸ್ಸೆ ಒತ್ತಿ. ಐತಪ್ಪ ಬಿಡುದಿಲ್ಲ. ನನ್ನ ಪೆಟ್ಟಿಗೆ ನನಗಿಲ್ಲ!"

"ನಾನು ಒತ್ತುವುದಿಲ್ಲ," ಎಂದರು ಸಾಹೇಬರು. "ಪೆಟ್ಟಿಗೆಯಲ್ಲಿ ಇರುವುದು ಚಕ್ರವೋ, ಮೋಟಾರೋ? ಚಕ್ರಕ್ಕೆ ಒಂದು ಸುಂಕ. ಮೋಟಾರಿಗೆ ಇನ್ನೊಂದು ಸುಂಕ. ಮೊದಲು ತಕ್ಕಡಿಯ ಬಾಬಣ್ಣ ತೂಗಲಿ. ಮತ್ತೆ ನೋಡೋಣ."

ಪದ್ದಕ್ಕನಿಗೆ ಸಿಟ್ಟು ಬಂತು. ಎಷ್ಟು ಸಿಟ್ಟು? ಕಾದ ಕಾವಲಿಯಷ್ಟು ಸಿಟ್ಟು. ಚುರ್‍ರ್!

ಕುಂಟುತ್ತ ಕುಂಟುತ್ತ ಬಾಬಣ್ಣನ ಹತ್ತಿರ ಹೋದಳು. ಬಾಬಣ್ಣ ದೊಡ್ಡ ತಕ್ಕಡಿಯ ಮೇಲೆ ತಾನೇ ಕೂತಿದ್ದ.

"ಬಾಬಣ್ಣ, ಬಾಬಣ್ಣ, ಪೆಟ್ಟಿಗೆ ತೂಗು. ಸಾಹೇಬರು ಒತ್ತುದಿಲ್ಲ. ಐತಪ್ಪ ಬಿಡುದಿಲ್ಲ. ನನ್ನ ಪೆಟ್ಟಿಗೆ ನನಗಿಲ್ಲ!"

"ನಾನು ತೂಗುದಿಲ್ಲ," ಎಂದ ಬಾಬಣ್ಣ. "ನಿಮ್ಮ ಪೆಟ್ಟಿಗೆಯ ಮೇಲೆ ಪೆಟ್ಟಿಗೆ. ಅದರ ಮೇಲೆ ಪೆಟ್ಟಿಗೆ. ಅದರ ಮೇಲೂ ಪೆಟ್ಟಿಗೆ. ಕ್ರೇನಿನ ಇದ್ದಿನಬ್ಬ ಎತ್ತಿ ಕೊಡಲಿ. ಮತ್ತೆ ತೂಗುತ್ತೇನೆ."

ಪದ್ದಕ್ಕನಿಗೆ ಸಿಟ್ಟು ಬಂತು. ಎಷ್ಟು ಸಿಟ್ಟು? ಕುಕ್ಕರಿನಷ್ಟು ಸಿಟ್ಟು. ಸುಂಯ್!

ಕುಂಟುತ್ತ ಕುಂಟುತ್ತ ಇದ್ದಿನಬ್ಬನ ಹತ್ತಿರ ಹೋದಳು. ಇದ್ದಿನಬ್ಬ ಕ್ರೇನಿನ ಒಳಗೆ ಇರಲಿಲ್ಲ. ಕ್ರೇನಿನ ನೆರಳಲ್ಲಿ ನಿಂತಿದ್ದ.

"ಇದ್ದಿನಬ್ಬ, ಇದ್ದಿನಬ್ಬ, ಪೆಟ್ಟಿಗೆ ಎತ್ತು. ಬಾಬಣ್ಣ ತೂಗುದಿಲ್ಲ. ಸಾಹೇಬರು ಒತ್ತುದಿಲ್ಲ. ಐತಪ್ಪ ಬಿಡುದಿಲ್ಲ. ನನ್ನ ಪೆಟ್ಟಿಗೆ ನನಗಿಲ್ಲ!"

"ನಾನು ಎತ್ತುದಿಲ್ಲ," ಎಂದ ಇದ್ದಿನಬ್ಬ. "ಎತ್ತುವುದು ಹೇಗೆ ಮಾರಾಯ್ರೆ? ನನ್ನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದೆ. ಬೆಕ್ಕು ಏಳಲಿ. ಮತ್ತೆ ಎತ್ತುತ್ತೇನೆ."

ಪದ್ದಕ್ಕನಿಗೆ ಸಿಟ್ಟು ಬಂತು. ಎಷ್ಟು ಸಿಟ್ಟು? ಪಟಾಕಿ ಮಾಲೆಯಷ್ಟು ಸಿಟ್ಟು. ಪಟ ಪಟ ಪಟ ಪಟ!

ಕುಂಟುತ್ತ ಕುಂಟುತ್ತ ಕ್ರೇನಿನ ಮೆಟ್ಟಿಲು ಹತ್ತಿದಳು. ಸೀಟಿನಲ್ಲಿ ಒಂದು ಬೂದು ಬೆಕ್ಕು. ಹೊಟ್ಟೆಯ ಹತ್ತಿರ ಪುಟ್ಟ ಪುಟ್ಟ ಮರಿಗಳು.

"ಬೆಕ್ಕೇ, ಬೆಕ್ಕೇ, ಸೀಟಿನಿಂದ ಏಳು. ಇದ್ದಿನಬ್ಬ ಎತ್ತುದಿಲ್ಲ. ಬಾಬಣ್ಣ ತೂಗುದಿಲ್ಲ. ಸಾಹೇಬರು ಒತ್ತುದಿಲ್ಲ. ಐತಪ್ಪ ಬಿಡುದಿಲ್ಲ. ನನ್ನ ಪೆಟ್ಟಿಗೆ ನನಗಿಲ್ಲ!"

"ಹಿಸ್ಸ್!" ಎಂದಿತು ಬೆಕ್ಕು. ಉಗುರು ತೋರಿಸಿತು. ಏಳಲಿಲ್ಲ.

"ಅದಕ್ಕೆ ಹಸಿವು ಪದ್ದಕ್ಕ," ಎಂದ ಇದ್ದಿನಬ್ಬ ಕೆಳಗಿನಿಂದ. "ಮೀನಿನ ಜಲಜಕ್ಕ ಒಂದು ಮೀನು ಕೊಡಲಿ. ಮತ್ತೆ ಏಳುತ್ತದೆ."

ಪದ್ದಕ್ಕ ಬೆಕ್ಕಿನ ಮೇಲೆ ಸಿಟ್ಟು ಮಾಡಲಿಲ್ಲ. ಹಸಿದ ಬಾಣಂತಿ, ಪಾಪ, ಅದು ಎಲ್ಲಿಗೆ ಹೋದೀತು? ಆದರೆ ಮೆಟ್ಟಿಲು ಇಳಿಯುವಾಗ ಮೊಣಕಾಲು ಮತ್ತೆ ಕಟಕ್ ಎಂದಿತು. ಆಗ ಸಿಟ್ಟು ಬಂತು! ಎಷ್ಟು ಸಿಟ್ಟು? ಗುಡುಗಿನಷ್ಟು ಸಿಟ್ಟು. ಗುಡುಗುಡು ಗುಡುಗುಡು!

ಕುಂಟುತ್ತ ಕುಂಟುತ್ತ ಜಲಜಕ್ಕನ ಹತ್ತಿರ ಹೋದಳು. ಜಲಜಕ್ಕ ಬುಟ್ಟಿಯ ಬಾಯಿ ಬಿಗಿಯಾಗಿ ಕಟ್ಟಿ ಕೂತಿದ್ದಳು.

"ಜಲಜಕ್ಕ, ಜಲಜಕ್ಕ, ಬುಟ್ಟಿ ಬಿಚ್ಚಿ. ಬೆಕ್ಕು ಏಳುದಿಲ್ಲ. ಇದ್ದಿನಬ್ಬ ಎತ್ತುದಿಲ್ಲ. ಬಾಬಣ್ಣ ತೂಗುದಿಲ್ಲ. ಸಾಹೇಬರು ಒತ್ತುದಿಲ್ಲ. ಐತಪ್ಪ ಬಿಡುದಿಲ್ಲ. ನನ್ನ ಪೆಟ್ಟಿಗೆ ನನಗಿಲ್ಲ!"

"ನಾನು ಬಿಚ್ಚುದಿಲ್ಲ," ಎಂದಳು ಜಲಜಕ್ಕ. "ಈ ಬಿಸಿಲಿಗೆ ಬುಟ್ಟಿ ಬಿಚ್ಚಿದರೆ ಬಂಗುಡೆ ಮೀನೆಲ್ಲ ಹಾಳು. ಐಸಿನ ಮರ್ಸೆಲಣ್ಣ ಐಸ್ ಕೊಡಲಿ. ಮತ್ತೆ ಬಿಚ್ಚುತ್ತೇನೆ."

ಪದ್ದಕ್ಕ ಸೆರಗು ಸಿಕ್ಕಿಸಿದಳು. ಹಲ್ಲು ಕಚ್ಚಿದಳು. ಕುಂಟುತ್ತ ಕುಂಟುತ್ತ ಮರ್ಸೆಲಣ್ಣನ ಹತ್ತಿರ ಹೋದಳು. ಮರ್ಸೆಲಣ್ಣ ಒಂದು ಗೋಣಿಯ ಮೇಲೆ ಕೂತಿದ್ದ.

"ಮರ್ಸೆಲಣ್ಣ, ಮರ್ಸೆಲಣ್ಣ, ಐಸ್ ಕೊಡಿ. ಜಲಜಕ್ಕ ಬಿಚ್ಚುದಿಲ್ಲ. ಬೆಕ್ಕು ಏಳುದಿಲ್ಲ. ಇದ್ದಿನಬ್ಬ ಎತ್ತುದಿಲ್ಲ. ಬಾಬಣ್ಣ ತೂಗುದಿಲ್ಲ. ಸಾಹೇಬರು ಒತ್ತುದಿಲ್ಲ. ಐತಪ್ಪ ಬಿಡುದಿಲ್ಲ. ನನ್ನ ಪೆಟ್ಟಿಗೆ ನನಗಿಲ್ಲ!"

"ನಾನು ಕೊಡುದಿಲ್ಲ," ಎಂದ ಮರ್ಸೆಲಣ್ಣ. "ಐಸ್ ಮಾಡುವ ಮಿಷನ್ ಕೆಟ್ಟಿದೆ. ಅದರ ಹೊಸ ಮೋಟಾರು ಹೊರದೇಶದಿಂದ ಬಂದಿದೆ. ಗೋದಾಮಿನಲ್ಲಿ ಉಂಟು. ಐತಪ್ಪ ಬಿಡುದಿಲ್ಲ. ನೀವು ಐತಪ್ಪನ ಹತ್ತಿರ ಹೋಗಿ ಪದ್ದಕ್ಕ."

ಐತಪ್ಪನಾ? ಮತ್ತೆ ಐತಪ್ಪನಾ?

ಈಗ ಬಂತು ನೋಡಿ ಸಿಟ್ಟು! ಎಷ್ಟು ಸಿಟ್ಟು? ಸಾಸಿವೆಯಷ್ಟಲ್ಲ. ಒಣಮೆಣಸಿನಷ್ಟಲ್ಲ. ಕಾವಲಿಯಷ್ಟಲ್ಲ. ಕುಕ್ಕರಿನಷ್ಟಲ್ಲ. ಪಟಾಕಿಯಷ್ಟಲ್ಲ. ಗುಡುಗಿನಷ್ಟೂ ಅಲ್ಲ. ಕಡಲಿನಷ್ಟು ಸಿಟ್ಟು! ಭೋರ್‍ರ್!

"ಹೋಗುದಿಲ್ಲ!" ಎಂದು ಕೂಗಿದಳು ಪದ್ದಕ್ಕ. ಕಾಗೆಗಳು ಹಾರಿದವು. "ಅಲ್ಲಿ ಹೋಗಿ, ಇಲ್ಲಿ ಹೋಗಿ, ಅವರ ಹತ್ತಿರ ಹೋಗಿ, ಇವರ ಹತ್ತಿರ ಹೋಗಿ! ನನ್ನ ಕಾಲು ಎಂತ ಕಬ್ಬಿಣದ್ದಾ?"

ಆಗ ಅವಳ ಪಾದಕ್ಕೆ ತಣ್ಣಗೆ ಏನೋ ತಾಗಿತು. ನೀರು. ಗೋಣಿಯ ಕೆಳಗಿನಿಂದ ಹರಿಯುತ್ತಿತ್ತು.

"ಗೋಣಿಯ ಕೆಳಗೆ ಎಂತ ಉಂಟು ಮರ್ಸೆಲಣ್ಣ?"

ಮರ್ಸೆಲಣ್ಣ ತಲೆ ಕೆರೆದುಕೊಂಡ. "ಐಸ್. ಉಳಿದದ್ದು ಇದೊಂದೇ. ನನಗೇ ಅಂತ ಇಟ್ಟುಕೊಂಡದ್ದು."

"ನಿಮ್ಮ ಪೆಟ್ಟಿಗೆಯೂ ಅಲ್ಲೇ ಉಂಟು. ನನ್ನ ಪೆಟ್ಟಿಗೆಯೂ ಅಲ್ಲೇ ಉಂಟು. ಐಸಿನ ಮೇಲೆ ಕೂತರೆ ಐಸ್ ಕರಗುತ್ತದೆ. ಪೆಟ್ಟಿಗೆ ಬರುತ್ತದಾ?"

ಮರ್ಸೆಲಣ್ಣ ಯೋಚಿಸಿದ. "ಬರುದಿಲ್ಲ," ಎಂದ.

"ಹಾಗಾದರೆ ಏಳಿ! ಇನ್ನು ನಾನು ಒಬ್ಬಳೇ ಹೋಗುದಿಲ್ಲ. ನೀವೂ ಬರಬೇಕು!"

ಪದ್ದಕ್ಕ ಮರ್ಸೆಲಣ್ಣನ ಕೈ ಹಿಡಿದಳು. ದರದರ ಎಳೆದಳು.

ಮರ್ಸೆಲಣ್ಣ ಐಸ್ ಕೊಟ್ಟ. ಜಲಜಕ್ಕ ಬುಟ್ಟಿ ಬಿಚ್ಚಿದಳು. ಐಸ್ ಒಳಗೆ ಹೋಯಿತು, ಬಂಗುಡೆ ಹೊರಗೆ ಬಂತು. "ನೀವೂ ಬನ್ನಿ!" ಎಂದಳು ಪದ್ದಕ್ಕ. ಜಲಜಕ್ಕ ಬಂದಳು.

ಜಲಜಕ್ಕ ಬಂಗುಡೆ ಕೊಟ್ಟಳು. ಬೆಕ್ಕು ತಿಂದಿತು. ಮೀಸೆ ನೆಕ್ಕಿತು. ಒಂದೊಂದೇ ಮರಿಯನ್ನು ಕಚ್ಚಿಕೊಂಡು ಬುಟ್ಟಿಯ ನೆರಳಿಗೆ ಹೋಯಿತು.

ಬೆಕ್ಕು ಎದ್ದಿತು. ಇದ್ದಿನಬ್ಬ ಕ್ರೇನ್ ಹತ್ತಿದ. ಗರ್‍ರ್! ಮೇಲಿನ ಪೆಟ್ಟಿಗೆ ಎತ್ತಿದ. ಅದರ ಕೆಳಗಿನದು ಎತ್ತಿದ. ಅದರ ಕೆಳಗಿನದೂ ಎತ್ತಿದ. ಆಮೇಲೆ ಪದ್ದಕ್ಕನ ಪೆಟ್ಟಿಗೆ! ಮರ್ಸೆಲಣ್ಣನ ಪೆಟ್ಟಿಗೆಯೂ! "ನೀನೂ ಬಾ!" ಎಂದಳು ಪದ್ದಕ್ಕ. ಇದ್ದಿನಬ್ಬ ಬಂದ.

ಇದ್ದಿನಬ್ಬ ಎತ್ತಿ ಕೊಟ್ಟ. ಬಾಬಣ್ಣ ತಕ್ಕಡಿಯಿಂದ ಇಳಿದ. ಎರಡೂ ಪೆಟ್ಟಿಗೆ ತೂಗಿದ. "ನೀನೂ ಬಾ!" ಬಾಬಣ್ಣ ಬಂದ.

ಬಾಬಣ್ಣ ತೂಕ ಹೇಳಿದ. ಸಾಹೇಬರು ಪದ್ದಕ್ಕನ ಪೆಟ್ಟಿಗೆ ತೆರೆದರು. ಇಣುಕಿ ನೋಡಿದರು. "ಅಯ್ಯೋ, ಇದು ಚಕ್ರವೂ ಹೌದು, ಮೋಟಾರೂ ಹೌದು! ಚಕ್ರದ ಒಳಗೇ ಮೋಟಾರು ಉಂಟು. ಎರಡು ಸುಂಕ ಕೊಡಬೇಕು."

ಪದ್ದಕ್ಕನ ಮೂಗು ಕೆಂಪಾಯಿತು.

"ಸಾಹೇಬರೇ, ನನ್ನ ಬನ್ಸಿನ ಒಳಗೆ ಬಾಳೆಹಣ್ಣು ಉಂಟು. ನಾನು ಬನ್ಸಿಗೊಮ್ಮೆ, ಬಾಳೆಹಣ್ಣಿಗೊಮ್ಮೆ ದುಡ್ಡು ಕೇಳುತ್ತೇನಾ?"

ಸಾಹೇಬರು ಪದ್ದಕ್ಕನನ್ನು ನೋಡಿದರು. ಅವಳ ಹಿಂದೆ ನಿಂತ ಮರ್ಸೆಲಣ್ಣನನ್ನು, ಜಲಜಕ್ಕನನ್ನು, ಇದ್ದಿನಬ್ಬನನ್ನು, ಬಾಬಣ್ಣನನ್ನು ನೋಡಿದರು. ಬಾಗಿಲಲ್ಲಿ ಬೆಕ್ಕೂ ನೋಡುತ್ತಿತ್ತು.

"ಇಲ್ಲ, ಕೇಳುವುದಿಲ್ಲ," ಎಂದರು ಮೆಲ್ಲಗೆ. "ಒಂದೇ ಸುಂಕ ಸಾಕು."

ಪದ್ದಕ್ಕ ಸುಂಕ ಕಟ್ಟಿದಳು. ಮರ್ಸೆಲಣ್ಣನೂ ಕಟ್ಟಿದ. ಸಾಹೇಬರು ಠಸ್ಸೆ ಒತ್ತಿದರು. ಠಪ್! ಮರ್ಸೆಲಣ್ಣನ ಪೆಟ್ಟಿಗೆಗೂ ಒತ್ತಿದರು. ಠಪ್! "ನೀವೂ ಬನ್ನಿ!" ಎಂದಳು ಪದ್ದಕ್ಕ. ಫ್ಯಾನ್ ಬಿಟ್ಟು ಸಾಹೇಬರೂ ಬಂದರು.

ಪೆಟ್ಟಿಗೆ ಹೊತ್ತು ಎಲ್ಲರೂ ಬಾಗಿಲಿನ ಐತಪ್ಪನ ಮುಂದೆ ನಿಂತರು.

"ಠಸ್ಸೆ ಬಿದ್ದಿದೆ. ಪೆಟ್ಟಿಗೆ ಬಿಡು."

ಐತಪ್ಪ ಕೈ ಚಾಚಿದ. "ಪೆಟ್ಟಿಗೆ ಇಷ್ಟು ದಿನ ಇಲ್ಲೇ ಇತ್ತಲ್ಲ ಪದ್ದಕ್ಕ? ಅದಕ್ಕೆ ನೆಲಬಾಡಿಗೆ ಕೊಡಿ."

ಪದ್ದಕ್ಕ ಕೂಗಲಿಲ್ಲ. ಹತ್ತಿರ ಹೋದಳು. ಇನ್ನೂ ಹತ್ತಿರ ಹೋದಳು. ಸಣ್ಣ ಸ್ವರದಲ್ಲಿ ಕೇಳಿದಳು.

"ಪೆಟ್ಟಿಗೆ ಹಿಡಿದು ಇಟ್ಟವರು ಯಾರು ಐತಪ್ಪ?"

"ನಾವು."

"ಬಿಡು ಬಿಡು ಎಂದು ಕೇಳಿದವರು ಯಾರು?"

"ನೀವು."

"ಹಾಗಾದರೆ ಬಾಡಿಗೆ ಯಾರು ಕೊಡಬೇಕು?"

ಐತಪ್ಪ ಕೈ ಹಿಂದೆ ತೆಗೆದುಕೊಂಡ. ಆಗ ಮರ್ಸೆಲಣ್ಣ ಕೂಗಿದ. ಜಲಜಕ್ಕ ಕೂಗಿದಳು. ಇದ್ದಿನಬ್ಬ ಕೂಗಿದ. ಬಾಬಣ್ಣ ಕೂಗಿದ. ಸಾಹೇಬರೂ ಕೂಗಿದರು. ನೀವೂ ಕೂಗಿ ಮಕ್ಕಳೇ, ಜೋರಾಗಿ!

"ಪದ್ದಕ್ಕನ ಪೆಟ್ಟಿಗೆ ಬಿಡು!"

ಐತಪ್ಪ ಬಿಟ್ಟ. ಮರ್ಸೆಲಣ್ಣನದನ್ನೂ ಬಿಟ್ಟ.

ಪದ್ದಕ್ಕನ ಪೆಟ್ಟಿಗೆ ಪದ್ದಕ್ಕನಿಗೆ ಸಿಕ್ಕಿತು. ಮನೆಯಲ್ಲಿ ಸ್ಪ್ಯಾನರ್ ಹಿಡಿದು ಕೂತಳು. ಹಳೆ ಚಕ್ರ ತೆಗೆದಳು. ಹೊಸ ಚಕ್ರ ಹಾಕಿದಳು. ಬ್ಯಾಟರಿ ಕಟ್ಟಿದಳು. ಮರುದಿನ ಬೆಳಿಗ್ಗೆ ಬಿಸಿ ಬಿಸಿ ಬನ್ಸ್ ಬುಟ್ಟಿಗೆ. ಬುಟ್ಟಿ ಸೈಕಲ್ಲಿಗೆ. ಗುಂಡಿ ಒತ್ತಿದಳು. ಜುಂಯ್! ಸೈಕಲ್ ಗುಡ್ಡಕ್ಕೆ!

ಶಾಲೆಯ ಮಕ್ಕಳು ಓಡಿ ಬಂದರು. ಬುಟ್ಟಿಯ ಸುತ್ತ ನಿಂತರು.

"ಪದ್ದಕ್ಕ, ಪದ್ದಕ್ಕ, ಯಾಕೆ ಇಷ್ಟು ತಡ?"

ಸರಿ, ಪದ್ದಕ್ಕನ ಸಿಟ್ಟು ಮತ್ತೆ ಎದ್ದಿತು. ಸೊಂಟಕ್ಕೆ ಕೈ ಇಟ್ಟಳು. ಶುರು ಮಾಡಿದಳು.

"ಯಾಕೆ ಅಂದರೆ ಮಕ್ಕಳೇ, ಮರ್ಸೆಲಣ್ಣ ಕೊಡುದಿಲ್ಲ. ಜಲಜಕ್ಕ ಬಿಚ್ಚುದಿಲ್ಲ. ಬೆಕ್ಕು ಏಳುದಿಲ್ಲ. ಇದ್ದಿನಬ್ಬ ಎತ್ತುದಿಲ್ಲ. ಬಾಬಣ್ಣ ತೂಗುದಿಲ್ಲ. ಸಾಹೇಬರು ಒತ್ತುದಿಲ್ಲ. ಐತಪ್ಪ..."

ಐತಪ್ಪನ ಹೆಸರು ಬರುವಷ್ಟರಲ್ಲಿ ಬುಟ್ಟಿ ಖಾಲಿ!